ದನಿ ಒಡೆಯುವ ವಯಸ್ಸಿನ ಮಕ್ಕಳಿಗೆ ಅವರ ಶ್ರುತಿ ಬಿಟ್ಟುಕೊಡಿ: ಪ್ರತಿಭಾ ಕಾರಂಜಿ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಇಲಾಖೆಯಲ್ಲಿ ಶಾಲಾ ಮಕ್ಕಳ ಹಾಡು, ಭಾಷಣ, ಕಲೆಗಳ ಸ್ಪರ್ಧೆಯಾದ ಪ್ರತಿಭಾ ಕಾರಂಜಿಯ ಸುತ್ತೋಲೆ ಬರೆಯುವವರಿಗೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮತ್ತು ಸಿಆರ್‌ಪಿಗಳಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಿಗೆ), ತೀರ್ಪುಗಾರರಾಗಿ ಕೂರುವವರಿಗೆ, ಮಕ್ಕಳಿಗೆ ಹಾಡು ಕಲಿಸುವ ಎಲ್ಲ ಮೇಷ್ಟ್ರು, ಮೇಡಂಗಳಿಗೆ,

ನಮಸ್ಕಾರ.

ನಾನು ಒಂಬತ್ತನೇ ಕ್ಲಾಸಿನ ಹುಡುಗನ ತಾಯಿ. ಸಂಗೀತ ಕಲಿತವಳಲ್ಲ, ಕೇಳಿ ಗೊತ್ತು ಅಷ್ಟೇ. ಮುಂದಿನ ಸಲದ ಸುತ್ತೋಲೆ ಹೊರಡುವ ಮುಂಚೆ ನಿಮ್ಮ ಹತ್ತಿರ ಒಂದು ವಿಷಯ ಮಾತಾಡಬೇಕು. ಹಾಡಿನ ಸ್ಪರ್ಧೆಗೆ ನಿಲ್ಲುವ ಮಗು ಯಾವ ಶ್ರುತಿಯಲ್ಲಿ, ಅಂದರೆ ಯಾವ ಎತ್ತರದ ಆಧಾರ ಸ್ವರ ಹಿಡಿದು, ಹಾಡಬೇಕು ಅನ್ನುವುದನ್ನು ಆ ಮಗುವೇ ತೀರ್ಮಾನ ಮಾಡಲಿ. ನನಗೆ ಈ ವರ್ಷ ಆಗುವುದಿಲ್ಲ ಅಂತ ಮಗು ಹೇಳಿದರೆ ಅದನ್ನು ನೆಪ ಅಂದುಕೊಳ್ಳಬೇಡಿ, ನಂಬಿ. ಇಷ್ಟನ್ನು ಸುತ್ತೋಲೆಯಲ್ಲೇ ಬರೆಯಿರಿ. ಬರೆಯದಿದ್ದರೆ ನಡೆಯುವುದಿಲ್ಲ. ಯಾಕೆ ಅಂತ ಕೆಳಗೆ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಮೊದಲು ದನಿಯ ವಿಷಯ. ಗಂಡುಮಕ್ಕಳಿಗೆ ಸಾಮಾನ್ಯವಾಗಿ 12ರಿಂದ 15 ವರ್ಷದ ನಡುವೆ ದನಿ ಒಡೆಯುತ್ತದೆ. ಮನೆಯಲ್ಲಿ ಗಂಡುಮಗ ಬೆಳೆದದ್ದನ್ನು ನೋಡಿದ ಎಲ್ಲರಿಗೂ ಇದು ಗೊತ್ತು. ಗಂಟಲ ಮುಂದೆ ಉಬ್ಬು ಕಾಣಿಸಿಕೊಳ್ಳುತ್ತದೆ, ಒಳಗೆ ಸ್ವರತಂತುಗಳು ಉದ್ದವಾಗುತ್ತವೆ, ದಪ್ಪವಾಗುತ್ತವೆ. ದನಿ ಹೆಚ್ಚುಕಮ್ಮಿ ಒಂದು ಸ್ಥಾಯಿಯಷ್ಟು, ಅಂದರೆ ಮೇಲಿನ ‘ಸ’ದಿಂದ ಕೆಳಗಿನ ‘ಸ’ದವರೆಗಿನಷ್ಟು, ಕೆಳಗೆ ಇಳಿಯುತ್ತದೆ. ಇದು ಒಂದು ರಾತ್ರಿಯಲ್ಲಿ ಆಗುವ ಕೆಲಸ ಅಲ್ಲ, ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವರಿಗೆ ವರ್ಷವೂ ದಾಟುತ್ತದೆ. ಆ ಅವಧಿಯಲ್ಲಿ ಬೆಳಿಗ್ಗೆ ಬಂದ ಸ್ವರ ಸಂಜೆ ಬರುವುದಿಲ್ಲ. ಮಾತಾಡುತ್ತಿರುವಾಗಲೇ ದನಿ ಹಾರಿ ಕೀಚಲಾಗುತ್ತದೆ. ಹೆಣ್ಣುಮಕ್ಕಳ ದನಿಯೂ ಬದಲಾಗುತ್ತದೆ, ಆದರೆ ಅದು ಎರಡು ಮೂರು ಸ್ವರಸ್ಥಾನದಷ್ಟು ಇಳಿಯುತ್ತದೆ, ಅದಕ್ಕೇ ಯಾರ ಗಮನಕ್ಕೂ ಬರುವುದಿಲ್ಲ.

ಈಗ ನಮ್ಮ ಸ್ಪರ್ಧೆಯ ಲೆಕ್ಕ ನೋಡಿ. ಪ್ರೌಢಶಾಲೆಯ ಭಾವಗೀತೆ, ಜನಪದ ಗೀತೆ ಸ್ಪರ್ಧೆಗೆ ಹುಡುಗ ನಿಲ್ಲುವುದೇ ಎಂಟು, ಒಂಬತ್ತು, ಹತ್ತನೇ ಕ್ಲಾಸಿನಲ್ಲಿ. ಅಂದರೆ ಸರಿಯಾಗಿ ದನಿ ಒಡೆಯುವ ವರ್ಷಗಳಲ್ಲಿ. ಏಳರಲ್ಲಿ ಜಿಲ್ಲೆಯವರೆಗೂ ಹೋಗಿ ಗೆದ್ದು ಬಂದ ಹುಡುಗ ಒಂಬತ್ತರಲ್ಲಿ ಬೇರೆಯೇ ಗಂಟಲು ಹೊತ್ತುಕೊಂಡು ಬರುತ್ತಾನೆ. ಶಾಲೆ ಮಾತ್ರ ಅವನಿಂದ ಅದೇ ಹಾಡು, ಅದೇ ಎತ್ತರ, ಅದೇ ಬಹುಮಾನ ಕೇಳುತ್ತದೆ.

ನನ್ನ ಮಗನಿಗೆ ಆದದ್ದೂ ಇದೇ. ಎಂಟನೇ ಕ್ಲಾಸಿನಲ್ಲಿ ಜಿಲ್ಲಾ ಮಟ್ಟದಲ್ಲಿ ಬಹುಮಾನ ಬಂತು. ಶಾಲೆಯ ಗೇಟಿನ ಹತ್ತಿರ ಅವನ ಫೋಟೋ ಇದ್ದ ಫ್ಲೆಕ್ಸ್ ಹಾಕಿದರು. ನಮಗೆಲ್ಲ ಖುಷಿಯಾಯಿತು, ಅವನಿಗೂ ಆಯಿತು, ಅದರಲ್ಲಿ ಸುಳ್ಳೇನಿಲ್ಲ. ಈ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಅವನ ದನಿ ಒಡೆಯಿತು. ಹಿಂದಿನ ವರ್ಷ ಬಿಳಿ ಐದರಲ್ಲಿ (ಶ್ರುತಿಗಳನ್ನು ಹಾರ್ಮೋನಿಯಂನ ಬಿಳಿ, ಕಪ್ಪು ಮನೆಗಳ ಹೆಸರಿನಲ್ಲಿ ಕರೆಯುತ್ತಾರೆ, ಇದು ಎತ್ತರದ್ದು) ಹಾಡುತ್ತಿದ್ದವನು ಈ ವರ್ಷ ಅದೇ ಶ್ರುತಿಯಲ್ಲಿ ಮೇಲಿನ ಷಡ್ಜಕ್ಕೆ, ಅಂದರೆ ಮೇಲಿನ ‘ಸ’ಕ್ಕೆ, ಹೋದರೆ ದನಿ ಸೀಳಿ ನಿಂತುಬಿಡುತ್ತಿತ್ತು. ಅವನು ಹೋಗಿ ಹಾಡು ಕಲಿಸುವ ಮೇಡಂ ಹತ್ತಿರ ಹೇಳಿದ, "ಮೇಡಂ, ಮೇಲೆ ಬರ್ತಿಲ್ಲ, ಶ್ರುತಿ ಇಳಿಸಿ ಹಾಡ್ತೀನಿ." ಇಳಿಸಿದರೆ ಹಾಡು ಸಪ್ಪೆಯಾಗುತ್ತದೆ ಅಂದರು. ಅಭ್ಯಾಸ ಸಾಲದು ಅಂದರು. ಸಂಜೆ ಶಾಲೆ ಬಿಟ್ಟ ಮೇಲೆ ಪ್ರಯೋಗಾಲಯದ ಕೋಣೆಯಲ್ಲಿ ದಿನಾ ಕೂರಿಸಿ ಅದೇ ಸಾಲನ್ನು ಮತ್ತೆ ಮತ್ತೆ ಹಾಡಿಸಿದರು. ಕಲ್ಲುಸಕ್ಕರೆ, ಕಾಳುಮೆಣಸು, ಜೇಷ್ಠಮಧು, ಬಿಸಿನೀರು ಎಲ್ಲ ಆಯಿತು, ಮಜ್ಜಿಗೆ ಬಿಡಿಸಿದರು. ನೆಗಡಿಗೆ ಮಾಡುವ ಔಷಧವನ್ನು ಬೆಳವಣಿಗೆಗೆ ಮಾಡಿದರೆ ಏನು ಪ್ರಯೋಜನ ಹೇಳಿ.

ನಾನೇ ಶಾಲೆಗೆ ಹೋಗಿ ಮಾತಾಡಿದೆ. "ನೋಡಿ ಅಮ್ಮ, ತಾಲ್ಲೂಕಲ್ಲಿ ನಮ್ಮ ಶಾಲೆಗೆ ಹೆಸರು ಇರೋದೇ ಇವನಿಂದ, ಇದೊಂದು ವರ್ಷ ಎಳೆದುಬಿಡಲಿ" ಅಂದರು. ಅದೇ ಮಾತಿನ ಕೊನೆಗೆ, ಸುಮ್ನೆ ಹೇಳಿದ ಹಾಗೆ, ಆಂತರಿಕ ಅಂಕ ನಮ್ಮ ಕೈಯಲ್ಲೇ ಇರುವುದಲ್ವಾ ಅನ್ನುವ ಮಾತೂ ಬಂತು. ಅದು ಮಗನ ಎದುರಿಗೇ ಬಂತು. ಆಮೇಲೆ ಅವನು ಶಾಲೆಯಲ್ಲಿ ಒಂದು ಸಲವೂ ಆಗುವುದಿಲ್ಲ ಅನ್ನಲಿಲ್ಲ. ಹೇಳಿದಾಗ ಹೋದ, ಹೇಳಿದಷ್ಟು ಹಾಡಿದ, ಮನೆಗೆ ಬಂದು ಮಾತು ಕಮ್ಮಿ ಮಾಡಿದ.

ತಾಲ್ಲೂಕು ಮಟ್ಟದ ಸ್ಪರ್ಧೆಯ ದಿನ ನಾನು ರಜಾ ಹಾಕಿ ಹೋಗಿದ್ದೆ. ನಿಮ್ಮಲ್ಲಿ ಎಷ್ಟೋ ಜನ ಈ ದಿನಗಳನ್ನು ನೋಡಿದ್ದೀರಿ. ಒಂದೊಂದು ಕೋಣೆಯ ಬಾಗಿಲಿಗೂ ಸೀಮೆಸುಣ್ಣದಲ್ಲಿ ಬರೆದ ಹೆಸರು, ಇಲ್ಲಿ ಭಾವಗೀತೆ, ಪಕ್ಕದಲ್ಲಿ ಆಶುಭಾಷಣ, ಆಚೆ ಮಿಮಿಕ್ರಿ, ಹೊರಗೆ ರಂಗೋಲಿ. ಪಕ್ಕದ ಕೋಣೆಯ ಚಪ್ಪಾಳೆ ಈ ಕೋಣೆಯ ಹಾಡಿನ ಮೇಲೆ ಬೀಳುತ್ತಿರುತ್ತದೆ. ತೀರ್ಪುಗಾರರು ಮೂರು ಜನ ಬೆಂಚಿನ ಮೇಲೆ ಕೂತಿದ್ದರು. ಎದುರಿಗೆ ಒಂದು ಮೇಜು, ಅದರ ಮೇಲೆ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ. ಮೇಡಂ ಬಂದು ಅದನ್ನು ಬಿಳಿ ಐದಕ್ಕೆ ಇಟ್ಟು, ಒಂದು ಸಲ ಕೇಳಿ ನೋಡಿ, ಗೋಡೆ ಪಕ್ಕಕ್ಕೆ ಹೋಗಿ ನಿಂತರು. ಮಗನ ಹೆಸರು ಕೂಗಿದರು. ಅವನು ಬಂದು ನಿಂತ, ತೀರ್ಪುಗಾರರಿಗೆ ಕೈಮುಗಿದ, ಬಗ್ಗಿ ಶ್ರುತಿ ಪೆಟ್ಟಿಗೆಯ ಗುಂಡಿ ಹಿಡಿದು ನಿಧಾನವಾಗಿ ಕೆಳಗೆ ತಿರುಗಿಸಿದ. ಶ್ರುತಿ ಇಳಿಯುತ್ತಾ ಇಳಿಯುತ್ತಾ ಕಪ್ಪು ಒಂದಕ್ಕೆ ಬಂತು. ಅಲ್ಲಿ ಕೈ ತೆಗೆದು, ಕಣ್ಣು ಮುಚ್ಚಿ, ಒಂದು ಸಲ ಸಣ್ಣದಾಗಿ ಷಡ್ಜ ಹಿಡಿದು ನೋಡಿಕೊಂಡ. ಆಮೇಲೆ ಹಾಡಿದ.

ಯಾರನ್ನೂ ತಿರುಗಿ ನೋಡಲಿಲ್ಲ, ಯಾರಿಗೂ ಏನೂ ಹೇಳಲಿಲ್ಲ. ಮೇಲಿನ ಸಾಲಿನಲ್ಲಿ ಹಿಂದಿನ ವರ್ಷ ಚಪ್ಪಾಳೆ ಬೀಳುತ್ತಿದ್ದ ಜಾಗದಲ್ಲಿ ಈ ಸಲ ದನಿ ಸುಮ್ಮನೆ ಏರಿ ಇಳಿಯಿತು ಅಷ್ಟೇ, ಒಡೆಯಲಿಲ್ಲ. ನನಗೆ ಆ ದನಿ ಹೊಸದು. ಮನೆಯಲ್ಲಿ ಮಾತಾಡುವಾಗ ಕೇಳುತ್ತಿದ್ದ ದನಿಯೇ ಅದು, ಹಾಡಿನಲ್ಲಿ ಮಾತ್ರ ಅವತ್ತೇ ಮೊದಲು ಕೇಳಿದ್ದು. ತೀರ್ಪುಗಾರರಲ್ಲಿ ಒಬ್ಬರು ತಲೆ ಎತ್ತಿ ಪೂರ್ತಿ ಕೇಳಿದರು. ಬಹುಮಾನ ಬರಲಿಲ್ಲ. ಅದರ ಬಗ್ಗೆ ನನ್ನ ತಕರಾರಿಲ್ಲ, ಅವತ್ತು ಅವನಿಗಿಂತ ಚೆನ್ನಾಗಿ ಹಾಡಿದ ಇಬ್ಬರು ಹೆಣ್ಣುಮಕ್ಕಳಿದ್ದರು, ಬಹುಮಾನ ಅವರಿಗೇ ಸಲ್ಲಬೇಕಿತ್ತು.

ನನ್ನ ತಕರಾರು ಮಾರನೇ ದಿನದ್ದು. ಬೆಳಿಗ್ಗೆ ಪ್ರಾರ್ಥನೆಯಲ್ಲಿ ಗೆದ್ದವರ ಹೆಸರು ಓದಿದ ಮೇಲೆ, ಕೆಲವರು ಬೇಕೂಂತಲೇ ಶಾಲೆಯ ಮರ್ಯಾದೆ ತೆಗೆದಿದ್ದಾರೆ ಅಂತ ಹೆಸರು ಹೇಳದೆ ಹೇಳಿದರು. ಇಡೀ ಶಾಲೆಗೆ ಅದು ಯಾರು ಅಂತ ಗೊತ್ತಾಯಿತು. ಆ ವಾರದಿಂದ ಪ್ರಾರ್ಥನೆಗೆ ನಾಡಗೀತೆ ಹೇಳಿಕೊಡುವ ಗುಂಪಿನಿಂದ ಅವನನ್ನು ತೆಗೆದರು. ಅಲ್ಲಿ ಅವನು ಐದನೇ ಕ್ಲಾಸಿನಿಂದ ನಿಲ್ಲುತ್ತಿದ್ದ. ಮನೆಯಲ್ಲಿ ನಾನು ಕೇಳಿದೆ, ಯಾಕೋ ಹಾಗೆ ಮಾಡಿದೆ, ಮೊದಲೇ ನನಗೆ ಹೇಳಬಹುದಿತ್ತಲ್ಲೋ ಅಂತ. "ಹೇಳಿದ್ರೆ ನೀನು ಮತ್ತೆ ಶಾಲೆಗೆ ಹೋಗ್ತಿದ್ದೆ, ಅವರು ಮತ್ತೆ ಅಂಕದ ಮಾತು ಎತ್ತುತ್ತಿದ್ರು. ನನಗೆ ಎಷ್ಟು ಬರುತ್ತೋ ಅಷ್ಟು ಹಾಡಿದೆ ಅಮ್ಮ" ಅಂದ. ನನಗೆ ಇದರಲ್ಲಿ ಯಾವ ತಪ್ಪೂ ಕಾಣಲಿಲ್ಲ. ಈಗಲೂ ಕಾಣುತ್ತಿಲ್ಲ.

ಶಾಲೆಯ ಹೆಸರು, ಮೇಡಂ ಹೆಸರು ನಾನು ಬರೆಯುವುದಿಲ್ಲ. ಒಬ್ಬರ ಮೇಲೆ ದೂರು ಕೊಟ್ಟು ಮುಗಿಸುವ ವಿಷಯ ಇದಾಗಿದ್ದರೆ ದೂರೇ ಕೊಡುತ್ತಿದ್ದೆ. ಆ ಮೇಡಂ ಕೆಟ್ಟವರಲ್ಲ. ಅವರು ಸಂಗೀತದ ಟೀಚರೂ ಅಲ್ಲ, ಸಮಾಜ ಪಾಠ ಮಾಡುವವರು. ನಮ್ಮ ರಾಜ್ಯದ ಎಷ್ಟೋ ಪ್ರೌಢಶಾಲೆಗಳಲ್ಲಿ ಸಂಗೀತ ಶಿಕ್ಷಕರ ಹುದ್ದೆಯೇ ಇಲ್ಲ. ಯಾರಿಗೆ ಸ್ವಲ್ಪ ಹಾಡು ಬರುತ್ತದೋ ಅವರ ತಲೆಗೆ ಪ್ರತಿಭಾ ಕಾರಂಜಿ ಕಟ್ಟುತ್ತಾರೆ. ಅವರು ಪಾಪ ಯೂಟ್ಯೂಬ್ ತೆಗೆದು, ಹೆಸರಾಂತ ಗಾಯಕಿಯೊಬ್ಬರು ಹಾಡಿದ ಭಾವಗೀತೆ ಹಾಕಿ, ಮಗುವನ್ನು ಅದಕ್ಕೇ ಸರಿಯಾಗಿ ಹಾಡಿಸುತ್ತಾರೆ. ಆ ಹಾಡು ರೆಕಾರ್ಡ್ ಆಗಿರುವುದು ಆ ಗಾಯಕಿಯ ಗಂಟಲಿಗೆ ಹೊಂದುವ ಶ್ರುತಿಯಲ್ಲಿ. ಹತ್ತು ವರ್ಷದ ಹುಡುಗನಿಗೆ ಅದು ಹೊಂದುತ್ತದೆ, ಹದಿನಾಲ್ಕರ ಹುಡುಗನಿಗೆ ಹೊಂದುವುದಿಲ್ಲ. ಶ್ರುತಿ ಬದಲಾಯಿಸಿದರೆ ಹಾಡು ಕೆಡುವುದಿಲ್ಲ ಅನ್ನುವುದು ಸಂಗೀತ ಕಲಿತವರಿಗೆ ಮೊದಲ ಪಾಠ, ಕಲಿಯದವರಿಗೆ ಯಾರೂ ಹೇಳಿಲ್ಲ. ತಪ್ಪು ಎಲ್ಲಿಂದ ಶುರುವಾಗುತ್ತದೆ ನೋಡಿ.

ಇದರ ಮೇಲೆ ತೀರ್ಪುಗಾರರ ಅಭ್ಯಾಸ ಒಂದಿದೆ. ನಾನು ನೋಡಿದ ಸ್ಪರ್ಧೆಗಳಲ್ಲೆಲ್ಲ ಎತ್ತರದ ದನಿಗೆ, ಜೋರು ದನಿಗೆ ಒಲವು ಜಾಸ್ತಿ. ಮೇಲಿನ ಸ್ವರ ಮುಟ್ಟಿದ ಕೂಡಲೇ ಪೆನ್ನು ಓಡುತ್ತದೆ. ಇದು ಗುಟ್ಟೇನಲ್ಲ, ತರಬೇತಿ ಕೊಡುವವರಿಗೆಲ್ಲ ಗೊತ್ತು, ಅದಕ್ಕೇ ಎಲ್ಲ ಶಾಲೆಗಳೂ ಮಕ್ಕಳನ್ನು ಎತ್ತರಕ್ಕೆ ತಳ್ಳುತ್ತವೆ. ತೀರ್ಪುಗಾರರೇ, ನಿಮ್ಮಲ್ಲಿ ಒಂದು ಪ್ರಶ್ನೆ. ಇದೇ ನಾಡಿನವರು ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್. ಚಿಕ್ಕಂದಿನಲ್ಲಿ ಅವರದು ತೆಳುವಾದ, ಎತ್ತರದ ದನಿ. ಗಂಟಲಿಗೆ ಚಿಕಿತ್ಸೆಯಾದ ಮೇಲೆ ದನಿ ಇಳಿದು, ಗಂಡುದನಿಯ ಹಾಗೆ ದಪ್ಪವಾಯಿತು. ಅವರು ಹಳೆಯ ದನಿಯನ್ನು ಹಿಂದೆ ತರುವುದಕ್ಕೆ ಗುದ್ದಾಡಲಿಲ್ಲ, ಬಂದ ದನಿಯಲ್ಲೇ ಹಾಡಿದರು. 2009ರಲ್ಲಿ ತೀರಿಕೊಂಡಾಗ ಅವರಿಗೆ 96 ವರ್ಷ, ದೇಶವೆಲ್ಲ ನೆನಪಿಟ್ಟುಕೊಂಡದ್ದು ಆ ಇಳಿದ ದನಿಯನ್ನೇ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಪುಟ್ಟ ಹುಡುಗನಾಗಿದ್ದಾಗಲೇ ಸಭೆಗಳಲ್ಲಿ ಹಾಡಿ ಹೆಸರು ಮಾಡಿದವರು. ಮುಂದೆ ಕ್ಷಯ ಬಂದು ಶ್ವಾಸಕೋಶ ಹಾಳಾಗಿ ವರ್ಷಗಟ್ಟಲೆ ಹಾಡದೆ ಮಲಗಿದ್ದರು. ಎದ್ದು ಬಂದ ಮೇಲೆ, ಇರುವ ಉಸಿರಿಗೆ ತಕ್ಕ ಹಾಗೆ ತಮ್ಮ ಹಾಡಿಕೆಯನ್ನೇ ಬದಲಾಯಿಸಿಕೊಂಡರು. ದೊಡ್ಡವರು ದೇಹದ ಮಾತು ಕೇಳಿದರೆ ಸಾಧನೆ ಅನ್ನುತ್ತೇವೆ. ಹದಿನಾಲ್ಕರ ಹುಡುಗ ಕೇಳಿದರೆ ಮರ್ಯಾದೆ ತೆಗೆದ ಅನ್ನುವುದು ಹೇಗೆ ಸರಿ?

ವಿಯೆನ್ನಾದಲ್ಲಿ ಬಾಲಕರದೇ ಒಂದು ಪ್ರಸಿದ್ಧ ಗಾಯನ ತಂಡ ಇದೆ, ನೂರಾರು ವರ್ಷದ ಚರಿತ್ರೆ ಇರುವಂಥದ್ದು. ಅಲ್ಲಿ ದನಿ ಒಡೆದ ಹುಡುಗ ತಂಡದಿಂದ ಹೊರಗೆ ಬರುತ್ತಾನೆ. ಅದು ಮೊದಲೇ ಎಲ್ಲರಿಗೂ ಗೊತ್ತಿರುವ ವಿಷಯ, ಯಾರೂ ಅವನನ್ನು ಬೈಯುವುದಿಲ್ಲ. ನಮ್ಮಲ್ಲಿ ಹಾಗೆ ಹೊರಗೆ ಕಳಿಸಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಸಂಗೀತದಲ್ಲಿ ಅದರ ಅಗತ್ಯವೇ ಇಲ್ಲ, ಶ್ರುತಿ ಇಳಿಸಿಕೊಂಡರೆ ಮುಗಿಯಿತು. ಒಂದು ಗುಂಡಿ ತಿರುಗಿಸುವಷ್ಟು ಸುಲಭದ ಪರಿಹಾರ ಕೈಯಲ್ಲೇ ಇರುವಾಗ ಮಕ್ಕಳ ಗಂಟಲು ಹಿಂಡುವುದು ನನಗೆ ಅರ್ಥವಾಗುವುದಿಲ್ಲ. ಆಮೇಲೆ ನಾವು ಇಎನ್‌ಟಿ ಡಾಕ್ಟರ ಹತ್ತಿರ ಹೋದೆವು. ಸದ್ಯ ಏನೂ ಆಗಿಲ್ಲ, ಆದರೆ ಈ ವಯಸ್ಸಿನಲ್ಲಿ ಬಲವಂತವಾಗಿ ಎಳೆದು ಹಾಡಿದರೆ ಸ್ವರತಂತುಗಳ ಮೇಲೆ ಸಣ್ಣ ಗಂಟುಗಳಾಗಬಹುದು, ದನಿ ಒರಟಾಗಿ ಉಳಿದುಬಿಡಬಹುದು, ಮೇಲಿನ ಸ್ವರ ಸದ್ಯಕ್ಕೆ ಮುಟ್ಟಲೇ ಬೇಡ ಅಂದರು. ಹಾಡು ಬಿಡಬೇಡ ಅಂತಲೂ ಹೇಳಿದರು. ಆರಾಮಾಗಿ ಬರುವಷ್ಟು ಜಾಗದಲ್ಲಿ ದಿನಾ ಸ್ವಲ್ಪ ಹೊತ್ತು ಹಾಡಿದರೆ ಒಳ್ಳೆಯದೇ ಅಂತೆ.

ಹಾಡಿನ ಮಾತು ಬಂತು ಅಂತ ಹಾಡನ್ನೇ ಹಿಡಿದು ಬರೆಯುತ್ತಿದ್ದೇನೆ, ಬೇರೆ ಸ್ಪರ್ಧೆಗಳಲ್ಲೂ ಇದೇ ಕಥೆ. ಒಂದನೇ ಕ್ಲಾಸಿನ ಮಗುವಿಗೆ ಛದ್ಮವೇಷಕ್ಕೆ ಮೈಗೆಲ್ಲ ಬಣ್ಣ ಬಳಿದು ಬೆಳಿಗ್ಗೆಯಿಂದ ಊಟ ಬಿಟ್ಟು ನಿಲ್ಲಿಸಿರುತ್ತಾರೆ. ಆಶುಭಾಷಣ ಅಂದರೆ ವಿಷಯ ಅಲ್ಲೇ ಕೊಟ್ಟು ಅಲ್ಲೇ ಮಾತಾಡಿಸುವುದು, ಅದಕ್ಕೂ ದೊಡ್ಡವರು ಬರೆದುಕೊಟ್ಟ ಭಾಷಣಗಳನ್ನು ಮಕ್ಕಳು ತಿಂಗಳುಗಟ್ಟಲೆ ಬಾಯಿಪಾಠ ಮಾಡಿಕೊಂಡು ಬಂದಿರುತ್ತಾರೆ. ಕೈ ಎತ್ತುವುದೂ ಒಂದೇ ಥರ, ದನಿ ನಡುಗಿಸುವುದೂ ಒಂದೇ ಥರ. ಇಷ್ಟೆಲ್ಲ ಆಗುವುದು ಯಾಕೆ ಅಂದರೆ ಲೆಕ್ಕ ಇಡುವುದು ಶಾಲೆಯ ಹೆಸರಿನಲ್ಲಿ. ಎಷ್ಟು ಪ್ರಥಮ, ಎಷ್ಟು ದ್ವಿತೀಯ, ಕ್ಲಸ್ಟರಿನಿಂದ ತಾಲ್ಲೂಕಿಗೆ ಎಷ್ಟು, ತಾಲ್ಲೂಕಿನಿಂದ ಜಿಲ್ಲೆಗೆ ಎಷ್ಟು ಅಂತ. ಮುಂದಿನ ವರ್ಷ ದಾಖಲಾತಿ ಕಮ್ಮಿಯಾಗಬಾರದು ಅನ್ನುವ ಹೆದರಿಕೆ ಮುಖ್ಯಶಿಕ್ಷಕರಿಗೆ, ಅವರ ಹೆದರಿಕೆ ಟೀಚರಿಗೆ, ಟೀಚರ ಹೆದರಿಕೆ ಮಗುವಿಗೆ. ಮಗು ಅದನ್ನು ಇನ್ಯಾರಿಗೆ ದಾಟಿಸಬೇಕು? ಅದಕ್ಕೇ ಒಂದೊಂದು ಮಗು ಒಂದೊಂದು ದಾರಿ ಹುಡುಕಿಕೊಳ್ಳುತ್ತದೆ. ಒಬ್ಬಳು ಸ್ಪರ್ಧೆಯ ದಿನವೇ ಹೊಟ್ಟೆನೋವು ಅನ್ನುತ್ತಾಳೆ. ಇನ್ನೊಬ್ಬ ಗುಂಪಿನಲ್ಲಿ ನಿಂತು ಬಾಯಿ ಮಾತ್ರ ಆಡಿಸುತ್ತಾನೆ. ಮತ್ತೊಬ್ಬಳು ಗೊತ್ತಿದ್ದ ಸಾಲನ್ನೇ ಮರೆತೆ ಅಂತ ಕೆಳಗಿಳಿಯುತ್ತಾಳೆ. ನಾವು ಇದನ್ನೆಲ್ಲ ಸೋಮಾರಿತನ, ಭಯ, ಸೊಕ್ಕು ಅಂತ ಏನೇನೋ ಹೆಸರಿಟ್ಟು ಕರೆಯುತ್ತೇವೆ. ಬೇಡ ಅಂತ ಬಾಯಿಬಿಟ್ಟು ಹೇಳಿದರೆ ಕೇಳುವವರು ಇದ್ದಿದ್ದರೆ ಇಷ್ಟೊಂದು ಹೊಟ್ಟೆನೋವು ಬರುತ್ತಿರಲಿಲ್ಲ.

ಪಕ್ಕದ ಕೇರಳದ ಶಾಲಾ ಕಲೋತ್ಸವ ನಿಮಗೆಲ್ಲ ಗೊತ್ತಿರುತ್ತದೆ. 1957ರಲ್ಲಿ ಶುರುವಾದದ್ದು, ಈಗ ಸಾವಿರಾರು ಮಕ್ಕಳು ಸೇರುವ ಜಾತ್ರೆ. ಕಾಸರಗೋಡಿನ ನಮ್ಮ ಕನ್ನಡ ಮಕ್ಕಳೂ ಅದರಲ್ಲಿ ಭಾಗವಹಿಸುತ್ತಾರೆ, ಅಲ್ಲಿ ಯಕ್ಷಗಾನಕ್ಕೂ ಸ್ಪರ್ಧೆ ಇದೆ. 2019ರಲ್ಲಿ ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲೇ ನಡೆಯಿತು. ಒಂದು ಕಾಲದಲ್ಲಿ ಅಲ್ಲಿ ಅತಿ ಹೆಚ್ಚು ಅಂಕ ಪಡೆದ ಹುಡುಗನಿಗೆ ಕಲಾಪ್ರತಿಭ, ಹುಡುಗಿಗೆ ಕಲಾತಿಲಕಂ ಅಂತ ಬಿರುದು ಕೊಡುತ್ತಿದ್ದರು. ಆ ಬಿರುದು ಪಡೆದವರಲ್ಲಿ ಕೆಲವರು ಸಿನಿಮಾದಲ್ಲೂ ದೊಡ್ಡ ಹೆಸರು ಮಾಡಿದರು. ನಟಿ ಮಂಜು ವಾರಿಯರ್ ಅವರೂ ಹಾಗೆ ಬಂದವರೇ. ಹೀಗಾಗಿ ಬಿರುದಿಗೆ ಪೈಪೋಟಿ ವಿಪರೀತವಾಯಿತು, ಮೇಲ್ಮನವಿ, ಕೋರ್ಟು ಕಚೇರಿ ಎಲ್ಲ ನಡೆಯಿತು. ಕೊನೆಗೆ ಸರ್ಕಾರವೇ ಬಿರುದುಗಳನ್ನು ಕೈಬಿಟ್ಟು ಗ್ರೇಡ್ ಪದ್ಧತಿಗೆ ಬಂತು. ಅದರಿಂದ ಒತ್ತಡವೆಲ್ಲ ಹೋಯಿತು ಅಂತ ನಾನು ಹೇಳುವುದಿಲ್ಲ, ಅಲ್ಲೂ ಇನ್ನೂ ಜಗಳಗಳಿವೆ. ಆದರೆ ಮಕ್ಕಳ ಹಬ್ಬದ ನಿಯಮವನ್ನು ಮಕ್ಕಳಿಗಾಗಿ ಬದಲಾಯಿಸಬಹುದು, ಆಕಾಶವೇನೂ ಕಳಚಿ ಬೀಳುವುದಿಲ್ಲ ಅನ್ನುವುದಂತೂ ಗೊತ್ತಾಯಿತಲ್ವಾ?

ಕಾನೂನಿನ ಮಾತೂ ಒಂದೆರಡು ಇವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಆ ಕಾಯ್ದೆ ಎಂಟನೇ ಕ್ಲಾಸಿನವರೆಗೆ, ಹದಿನಾಲ್ಕು ವರ್ಷದವರೆಗೆ, ನಿಮ್ಮ ಮಗ ಒಂಬತ್ತರಲ್ಲಿದ್ದಾನಲ್ಲ ಅಂತ ಯಾರಾದರೂ ಹೇಳಬಹುದು. ಒಂಬತ್ತನೇ ಕ್ಲಾಸಿಗೆ ಬಂದ ಕೂಡಲೇ ಮಗುವಿಗೆ ನೋವಾಗುವುದು ನಿಲ್ಲುತ್ತದೆಯೇ? ಭಾರತ 1992ರಲ್ಲೇ ಒಪ್ಪಿಕೊಂಡಿರುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 18 ವರ್ಷದೊಳಗಿನ ಎಲ್ಲರಿಗೂ ಅನ್ವಯಿಸುತ್ತದೆ. ಅದರ 12ನೇ ವಿಧಿ ಹೇಳುವುದು ಇಷ್ಟು: ತನಗೆ ಸಂಬಂಧಪಟ್ಟ ವಿಷಯದಲ್ಲಿ ಮಗುವಿಗೆ ತನ್ನ ಅಭಿಪ್ರಾಯ ಹೇಳುವ ಹಕ್ಕಿದೆ, ಆ ಅಭಿಪ್ರಾಯಕ್ಕೆ ಮಗುವಿನ ವಯಸ್ಸು, ತಿಳಿವಳಿಕೆಗೆ ತಕ್ಕ ಬೆಲೆ ಸಿಗಬೇಕು. ತನ್ನ ಗಂಟಲಿಗಿಂತ ಹತ್ತಿರದ ವಿಷಯ ಇನ್ನೇನಿದೆ ಮಗುವಿಗೆ? ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅಲ್ಲಿ ಮಕ್ಕಳು ಎದ್ದು ನಿಂತು ನಮ್ಮ ಶಾಲೆಗೆ ಕಾಂಪೌಂಡ್ ಇಲ್ಲ, ಶೌಚಾಲಯದಲ್ಲಿ ನೀರಿಲ್ಲ ಅಂತ ಅಧ್ಯಕ್ಷರಿಗೇ ಹೇಳುತ್ತಾರೆ, ದೊಡ್ಡವರು ಬರೆದುಕೊಳ್ಳುತ್ತಾರೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ಹೆಮ್ಮೆಯೂ ಪಟ್ಟಿದ್ದೇನೆ. ಪಂಚಾಯಿತಿಯಲ್ಲಿ ಕೇಳುವ ಮಾತನ್ನು ಶಾಲೆಯಲ್ಲೂ ಕೇಳಿ ಅಂತ ಬೇಡುತ್ತಿದ್ದೇನೆ ಅಷ್ಟೇ.

ಹಾಗಾಗಿ ಸುತ್ತೋಲೆ ಬರೆಯುವವರಲ್ಲಿ ನನ್ನ ವಿನಂತಿ. ಹಾಡಿನ ಎಲ್ಲ ಸ್ಪರ್ಧೆಗಳಲ್ಲೂ ಶ್ರುತಿಯ ಆಯ್ಕೆ ಹಾಡುವ ಮಗುವಿನದು, ಎತ್ತರದ ಶ್ರುತಿಗೆ ಹೆಚ್ಚುವರಿ ಅಂಕ ಇಲ್ಲ ಅಂತ ಸ್ಪಷ್ಟವಾಗಿ ಬರೆಯಿರಿ. ಸ್ಪರ್ಧೆ ಶುರುವಾಗುವ ಮುಂಚೆ ಅದನ್ನು ತೀರ್ಪುಗಾರರಿಗೆ ಓದಿ ಹೇಳಿ. ಹೆಸರು ಕಳಿಸುವ ಅರ್ಜಿಯಲ್ಲಿ ಮುಖ್ಯಶಿಕ್ಷಕರ ಸಹಿ, ಮೊಹರು ಇರುತ್ತದೆ, ಅದರ ಕೆಳಗೆ ನನಗೆ ಇಷ್ಟ ಇದೆ ಅಂತ ಮಗು ತಾನೇ ಬರೆದು ಸಹಿ ಹಾಕಲು ಒಂದು ಸಾಲು ಜಾಗ ಬಿಡಿ. ಸ್ಪರ್ಧೆಗೆ ಬರುವುದಿಲ್ಲ ಅಂದ ಮಗುವಿಗಾಗಲಿ ಸೋತ ಮಗುವಿಗಾಗಲಿ ಆಂತರಿಕ ಅಂಕದ ಮಾತನ್ನು ಯಾರೂ ಎತ್ತಬಾರದು, ಪ್ರಾರ್ಥನೆಯಲ್ಲಿ ನಿಲ್ಲಿಸಿ ಮಾತಾಡಬಾರದು ಅಂತಲೂ ಬರಲಿ. ತಾಲ್ಲೂಕಿಗೆ ಒಬ್ಬ ಸಂಗೀತ ಬಲ್ಲವರನ್ನು ಕರೆಸಿ, ಹಾಡು ಹೇಳಿಕೊಡುವ ಶಿಕ್ಷಕರಿಗೆ ಒಂದು ಅರ್ಧ ದಿನ ಈ ದನಿ ಒಡೆಯುವ ವಿಷಯ, ಶ್ರುತಿ ಹಾಕುವ ವಿಷಯ ತಿಳಿಸಿಕೊಟ್ಟರೆ ಸಾಕು. ದೊಡ್ಡ ಖರ್ಚಿಲ್ಲ, ಹೇಗೂ ಬಿಆರ್‌ಸಿಯಲ್ಲಿ (ಶಿಕ್ಷಕರ ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ) ತರಬೇತಿಗಳು ನಡೆಯುತ್ತಲೇ ಇರುತ್ತವೆ.

ಮೇಷ್ಟ್ರು, ಮೇಡಂಗಳಿಗೆ ಬೇರೆಯಾಗಿ ಒಂದು ಮಾತು. ಸುತ್ತೋಲೆ ಬರುವವರೆಗೆ ಕಾಯಬೇಕಾಗಿಲ್ಲ. ನಾಳೆ ಅಭ್ಯಾಸಕ್ಕೆ ಕೂತಾಗ ಶ್ರುತಿ ಪೆಟ್ಟಿಗೆಯನ್ನು, ಇಲ್ಲವೇ ಮೊಬೈಲಿನ ತಂಬೂರಿ ಆ್ಯಪನ್ನು, ಮಗುವಿನ ಕೈಗೇ ಕೊಟ್ಟುಬಿಡಿ. ಎಲ್ಲಿ ಆರಾಮಾಗಿ ಬರುತ್ತದೋ ಅಲ್ಲಿ ಇಟ್ಟುಕೋ ಅನ್ನಿ. ಮಕ್ಕಳಿಗೆ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಹಾಡಿನ ಅತಿ ಮೇಲಿನ ಸಾಲು, ಅತಿ ಕೆಳಗಿನ ಸಾಲು ಎರಡನ್ನೂ ಹಾಡಿಸಿ ನೋಡಿ, ಎರಡೂ ಕಷ್ಟವಿಲ್ಲದೆ ಬರುವ ಶ್ರುತಿಯೇ ಆ ಹೊತ್ತಿಗೆ ಅವರ ಶ್ರುತಿ. ಎರಡು ತಿಂಗಳು ಬಿಟ್ಟು ಮತ್ತೆ ಕೇಳಿ, ಬದಲಾಗಿರಬಹುದು. ಹಾಡು ಹಿಡಿಸುವುದೇ ಇಲ್ಲ ಅನ್ನುವ ಮಗುವಿಗೆ ಆ ವರ್ಷ ತಾಳ ಕೊಡಿ, ಹಾರ್ಮೋನಿಯಂ ಕೊಡಿ, ಹಾಡಿನ ಸಾಹಿತ್ಯ ಓದಲು ಕೊಡಿ. ಏನೂ ಬೇಡ ಅಂದರೆ ಸುಮ್ಮನೆ ಬಿಡಿ, ಮುಂದಿನ ವರ್ಷ ತಾನೇ ಬರುತ್ತದೆ.

ನನ್ನ ಹಾಗಿನ ತಂದೆ ತಾಯಂದಿರಿಗೆ ಇಷ್ಟು ಹೇಳುತ್ತೇನೆ. ನಿಮ್ಮ ಮಗುವಿಗೂ ಹೀಗಾಗಿದ್ದರೆ ಎಸ್‌ಡಿಎಂಸಿ (ಪೋಷಕರು ಇರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಎತ್ತಿ, ಅಲ್ಲಿ ಅರ್ಧದಷ್ಟು ಪೋಷಕರ ಮನೆಯಲ್ಲೂ ಇದೇ ಮಾತು ನಡೆದಿರುತ್ತದೆ. ಅಲ್ಲಿ ಕೇಳದಿದ್ದರೆ ಬಿಇಒ ಕಚೇರಿಗೆ ಬರೆದುಕೊಡಿ, ಸ್ವೀಕೃತಿ ಹಾಕಿಸಿಕೊಳ್ಳಿ. ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವೂ ಇದೆ, ಮಕ್ಕಳೇ ನೇರವಾಗಿ ಕರೆ ಮಾಡಬಹುದಾದ ಸಹಾಯವಾಣಿ 1098 ಕೂಡ ಇದೆ. ನಾನು ಈ ಪತ್ರದ ಪ್ರತಿಯನ್ನು ಬಿಇಒ ಕಚೇರಿಗೆ ಕೊಟ್ಟಿದ್ದೇನೆ, ಮಗನಿಗೆ ಓದಿ ಹೇಳಿ ಅವನು ಒಪ್ಪಿದ ಮೇಲೆಯೇ ಕೊಟ್ಟದ್ದು. ಎರಡು ಕಡೆ ಅವನು ತಿದ್ದಿಸಿದ. ಮೇಡಂ ಬಗ್ಗೆ ನಾನು ಜೋರಾಗಿ ಬರೆದಿದ್ದ ಸಾಲನ್ನು ತೆಗೆಸಿದ. ನಾಡಗೀತೆಯ ಗುಂಪಿಗೆ ವಾಪಸ್ ಸೇರಿಸಿಕೊಳ್ಳಲು ಹೇಳು, ಅಲ್ಲಿ ನಿಲ್ಲುವುದು ನನಗೆ ಇಷ್ಟ, ಕೆಳಗಿನ ದನಿಯಲ್ಲಿ ಹೇಳುತ್ತೇನೆ ಅಂತ ಸೇರಿಸಲು ಹೇಳಿದ. ಸೇರಿಸಿದ್ದೇನೆ.

ಮುಖ್ಯಶಿಕ್ಷಕರೇ, ಅದಕ್ಕೆ ನಿಮ್ಮ ಉತ್ತರಕ್ಕಾಗಿ ಕಾಯುತ್ತಿದ್ದೇವೆ.

ಇಂತಿ,
ಒಬ್ಬ ವಿದ್ಯಾರ್ಥಿಯ ತಾಯಿ